ಯುದ್ಧವನ್ನೇ ಕಾಣದ ಮಗು ಬೆಂಚಿನ ಕೆಳಗೆ ಅಡಗುವುದೇಕೆ?

ಪ್ರಶ್ನೆ: ನಾನು ಹೊಸೂರಿನ ಹತ್ತಿರದ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಮನೆಮಾತು ಕನ್ನಡ, ತರಗತಿಯಲ್ಲಿ ತಮಿಳು, ಇಂಗ್ಲಿಷ್ ಎರಡೂ ನಡೆಯುತ್ತವೆ. ನನ್ನ ಮೂರನೆಯ ತರಗತಿಗೆ ಲಂಕಾ ತಮಿಳರ ಶಿಬಿರದಿಂದ ಎಂಟು ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ಲೆಕ್ಕದಲ್ಲಿ ಚುರುಕು, ಬರೆದರೆ ಅಕ್ಷರ ಮುತ್ತು ಪೋಣಿಸಿದಂತೆ. ಆದರೆ ಪಕ್ಕದ ಗ್ರಾನೈಟ್ ಕ್ವಾರಿಯಲ್ಲಿ ಬಂಡೆ ಸಿಡಿಸಿದಾಗ ಉಳಿದ ಮಕ್ಕಳು ಬೆಚ್ಚಿ ಮರುಕ್ಷಣ ನಗುತ್ತಾರೆ. ಇವಳು ಬೆಂಚಿನ ಕೆಳಗೆ ನುಸುಳಿ, ಕಿವಿ ಮುಚ್ಚಿಕೊಂಡು, ಬಾಯಿ ಅರ್ಧ ತೆರೆದು ಕುಳಿತುಬಿಡುತ್ತಾಳೆ. ಅವಳು ಹುಟ್ಟಿದ್ದು ಕೃಷ್ಣಗಿರಿಯಲ್ಲಿ. ತಾಯಿಯೂ ತಮಿಳುನಾಡಿನ ಶಿಬಿರದಲ್ಲೇ ಹುಟ್ಟಿದವರು. ತಂದೆ ಮಾತ್ರ ಹದಿಹರೆಯದಲ್ಲಿ, 2009ರ ಯುದ್ಧದ ಕೊನೆಯ ತಿಂಗಳುಗಳಲ್ಲಿ, ಉತ್ತರ ಲಂಕಾದ ವನ್ನಿಯಲ್ಲಿದ್ದು ಅಣ್ಣನನ್ನು ಕಳೆದುಕೊಂಡು, ಆಮೇಲೆ ದೋಣಿ ಹತ್ತಿ ಬಂದವರು. ಈಗ ಪೇಂಟಿಂಗ್ ಕೆಲಸ ಮಾಡುತ್ತಾರೆ. ಕುಡಿತವೂ ಇದೆಯೆಂದು ಕೇಳಿದ್ದೇನೆ. ಬಿಡುವಿನಲ್ಲಿ ಹುಡುಗಿ ಆಟಕ್ಕೆ ಹೋಗುವುದಿಲ್ಲ, ಎಲ್‌ಕೆಜಿಯಲ್ಲಿರುವ ತಮ್ಮನನ್ನು ನೋಡಿಕೊಂಡು ಬರುತ್ತಾಳೆ. ಆ ತಮ್ಮನೋ ಸಿಕ್ಕಸಿಕ್ಕವರನ್ನು ಹೊಡೆಯುತ್ತಾನೆ. ಶಿಬಿರದಲ್ಲಿ ಹಾಜರಿ ತಪಾಸಣೆ ಇರುವ ದಿನ ಇಬ್ಬರೂ ಶಾಲೆಗೆ ಬರುವುದಿಲ್ಲ. ‘ಭಯ ಅವರ ರಕ್ತದಲ್ಲೇ ಬಂದಿರುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ’ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇನ್ನೊಬ್ಬರು ತಂದೆಯಿಂದ ದೂರ ಮಾಡಿ ಹಾಸ್ಟೆಲ್ಲಿಗೆ ಸೇರಿಸಲು ಸೂಚಿಸಿದರು. ನಮ್ಮ ಆಯಾ ತಾಯಿತ ಕಟ್ಟಿಸೋಣ ಎಂದರು. ನಾನು ಅವಳನ್ನು ಕೂರಿಸಿಕೊಂಡು ಕೇಳಬೇಕೇ? ಕೇಳಿದರೆ ಹುಣ್ಣು ಕೆದಕಿದಂತಾಗುವುದೇ? ಸುಮ್ಮನಿದ್ದರೆ ತಪ್ಪಾಗುವುದೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಬಹುಶಃ ಗಮನಿಸದೆಯೇ ಬರೆದ ಮೂರು ಪದಗಳಿಂದ ಆರಂಭಿಸುತ್ತೇನೆ: ‘ಬಾಯಿ ಅರ್ಧ ತೆರೆದು’. ಹೆದರಿದ ಮಗು ಕಿವಿ ಮುಚ್ಚಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಸ್ಫೋಟದ ಹೊತ್ತಿಗೆ ಬಾಯಿ ತೆರೆದಿಡುವುದು ಎಂಟು ವರ್ಷದ ಮಗುವಿಗೆ ತಾನಾಗಿ ಹೊಳೆಯುವ ಉಪಾಯವಲ್ಲ. ಬಾಯಿ ತೆರೆದಿದ್ದರೆ ಒತ್ತಡಕ್ಕೆ ಕಿವಿಯ ತಮಟೆ ಹರಿಯುವ ಅಪಾಯ ಕಡಿಮೆಯೆಂದು ಶೆಲ್ ದಾಳಿಯ ನಡುವೆ ಬದುಕಿದವರು ಬಂಕರಿನಲ್ಲಿ ಒಬ್ಬರಿಂದೊಬ್ಬರು ಕಲಿತ ವಿದ್ಯೆ ಅದು. ಅಂದರೆ ನಿಮ್ಮ ವಿದ್ಯಾರ್ಥಿನಿ ಯುದ್ಧವನ್ನು ಕಾಣದಿದ್ದರೂ ಯುದ್ಧವನ್ನು ಕಂಡ ಒಂದು ದೇಹವನ್ನು ಪ್ರತಿದಿನವೂ ಹತ್ತಿರದಿಂದ ಕಾಣುತ್ತಿದ್ದಾಳೆ. ಕ್ವಾರಿಯ ಸದ್ದು ಶಾಲೆಗೆ ಕೇಳುವಂತೆ ಶಿಬಿರಕ್ಕೂ ಕೇಳುತ್ತದೆ. ರಜಾದಿನದಲ್ಲಿ ಆ ಸದ್ದಿಗೆ ತಂದೆ ಏನು ಮಾಡುತ್ತಾರೆ ಎಂಬುದನ್ನು ಅವಳು ನಿಮ್ಮ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದಾಳೆಂದು ನಾನು ಭಾವಿಸುತ್ತೇನೆ.

ಆದ್ದರಿಂದ ‘ಯುದ್ಧ ಕಾಣದ ಮಗುವಿಗೆ ಯುದ್ಧದ ಭಯ ಹೇಗೆ ಬಂತು’ ಎಂಬುದರಲ್ಲಿ ನಿಗೂಢವಾದದ್ದೇನೂ ಇಲ್ಲ. ಮಕ್ಕಳು ಜಗತ್ತು ಸುರಕ್ಷಿತವೋ ಅಲ್ಲವೋ ಎಂಬುದನ್ನು ಜಗತ್ತನ್ನು ನೋಡಿ ತಿಳಿಯುವುದಿಲ್ಲ, ಹೆತ್ತವರ ಮುಖ ನೋಡಿ ತಿಳಿಯುತ್ತಾರೆ. ನಾಯಿ ಬೊಗಳಿದಾಗ ಕಂಕುಳಲ್ಲಿರುವ ಕೂಸು ಮೊದಲು ತಿರುಗಿ ನೋಡುವುದು ನಾಯಿಯನ್ನಲ್ಲ, ತಾಯಿಯನ್ನು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಅಲ್ಲಿನ ಮಕ್ಕಳನ್ನು ನೋಡಿಕೊಂಡ ಆನ್ನಾ ಫ್ರಾಯ್ಡ್ ಮತ್ತು ಡಾರತಿ ಬರ್ಲಿಂಗ್‌ಹ್ಯಾಮ್ ಗಮನಿಸಿದ್ದೂ ಇದನ್ನೇ: ಚಿಕ್ಕ ಮಕ್ಕಳು ಬಾಂಬಿನ ಸದ್ದಿಗೆ ಎಷ್ಟು ಕಂಗೆಡುತ್ತಾರೆ ಎಂಬುದು ಬಹುಮಟ್ಟಿಗೆ ಜೊತೆಗಿದ್ದ ತಾಯಿ ಎಷ್ಟು ಕಂಗೆಟ್ಟಿದ್ದಾಳೆ ಎಂಬುದರ ಮೇಲೆ ನಿಂತಿತ್ತು.

ಆದರೆ ಬೆಚ್ಚಿಬೀಳುವುದು ಇದರ ಕಣ್ಣಿಗೆ ಕಾಣುವ ಭಾಗ ಮಾತ್ರ. ನನ್ನ ಅನುಭವದಲ್ಲಿ ಮಕ್ಕಳನ್ನು ಹೆಚ್ಚು ಬಾಧಿಸುವುದು ತಂದೆಯ ಭಯವಲ್ಲ, ತಂದೆಯ ಗೈರುಹಾಜರಿ. ತೀವ್ರ ಆಘಾತಕ್ಕೆ ಒಳಗಾದವರಲ್ಲಿ ಕೆಲವರು ನೆನಪನ್ನು ದೂರವಿಡಲು ಒಳಗಿನ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡಿರುತ್ತಾರೆ, ಮತ್ತು ದುಃಖಕ್ಕೆಂದು ಮುಚ್ಚಿದ ಬಾಗಿಲಿನಲ್ಲಿ ಸಂತೋಷವೂ ಒಳಬರುವುದಿಲ್ಲ. ಮಗು ಚಿತ್ರ ಬರೆದು ತಂದು ತೋರಿಸುತ್ತದೆ. ತಂದೆ ಅದರತ್ತ ನೋಡುತ್ತಿರುತ್ತಾರೆ, ಆದರೆ ಕಣ್ಣು ಕಾಗದದ ಆಚೆಗೆ ಎಲ್ಲೋ ಇರುತ್ತದೆ. ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಒಂದು ಸರಳ ಪ್ರಯೋಗವನ್ನು ನಾನು ಪೋಷಕರಿಗೆ ಆಗಾಗ ವಿವರಿಸುತ್ತೇನೆ. ನಗುನಗುತ್ತ ಆಡಿಸುತ್ತಿದ್ದ ತಾಯಿ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕೂತರೆ, ಕೆಲವೇ ತಿಂಗಳ ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ತನ್ನೊಳಗೆ ಮುದುಡುತ್ತದೆ. ತಾಯಿ ಮತ್ತೆ ನಕ್ಕರೆ ಹೆಚ್ಚಿನ ಕೂಸುಗಳು ಚೇತರಿಸಿಕೊಳ್ಳುತ್ತವೆ. ಆ ಎರಡು ನಿಮಿಷ ಎಂಟು ವರ್ಷಗಳವರೆಗೆ ಬಿಟ್ಟುಬಿಟ್ಟು ಮರುಕಳಿಸಿದರೆ ಮಗು ಏನು ಮಾಡುತ್ತದೆ? ಒಂದು ಬಗೆಯ ಮಗು ಗಲಾಟೆ ಮಾಡಿ ಗಮನ ಸೆಳೆಯುತ್ತದೆ. ಇನ್ನೊಂದು ಬಗೆಯದು ಯಾರಿಗೂ ತೊಂದರೆ ಕೊಡದಂತೆ ಸಣ್ಣದಾಗಿ, ಅಚ್ಚುಕಟ್ಟಾಗಿ ಬದುಕಲು ಕಲಿಯುತ್ತದೆ. ಎಲ್‌ಕೆಜಿಯ ತಮ್ಮ ಮೊದಲನೆಯವನು, ಮುತ್ತಿನ ಅಕ್ಷರದ ಅಕ್ಕ ಎರಡನೆಯವಳು ಎಂದು ನನಗೆ ತೋರುತ್ತದೆ. ಶಾಲೆಗಳು ಸಾಮಾನ್ಯವಾಗಿ ಮೊದಲನೆಯವನ ಮೇಲೆ ದೂರು ಕಳಿಸಿ ಎರಡನೆಯವಳಿಗೆ ಬಹುಮಾನ ಕೊಡುತ್ತವೆ; ನೀವು ಇಬ್ಬರನ್ನೂ ಒಂದೇ ಪತ್ರದಲ್ಲಿ ಬರೆದದ್ದು ನನಗೆ ಸಮಾಧಾನ ತಂದಿತು. ಅಂದ ಹಾಗೆ, ಇಂಥ ತಮ್ಮಂದಿರಿಗೆ ಅವಸರದಲ್ಲಿ ‘ಎಡಿಎಚ್‌ಡಿ’ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂಬ ಹಣೆಪಟ್ಟಿ ಹಚ್ಚುವುದನ್ನು ನೋಡಿದ್ದೇನೆ. ನಿದ್ದೆಗೆಟ್ಟ, ಸದಾ ಎಚ್ಚರದಲ್ಲಿರುವ ಮಗುವೂ ಒಂದು ಕಡೆ ಕೂರಲಾರದು. ಮನೆಯ ಸ್ಥಿತಿ ವಿಚಾರಿಸದೆ ಆ ರೋಗನಿರ್ಣಯಕ್ಕೆ ಒಪ್ಪಬೇಡಿ.

ಬಿಡುವಿನಲ್ಲಿ ತಮ್ಮನನ್ನು ನೋಡಲು ಓಡುವ ಹುಡುಗಿ ಮನೆಯಲ್ಲಿಯೂ ಕಾವಲುಗಾರಳಾಗಿರುವ ಸಾಧ್ಯತೆ ಹೆಚ್ಚು. ಅಪ್ಪನ ಹೆಜ್ಜೆಯ ಸದ್ದಿನಿಂದಲೇ ಆ ಸಂಜೆ ಹೇಗಿರುತ್ತದೆಂದು ಅಳೆಯುವುದು, ತಮ್ಮನನ್ನು ಸುಮ್ಮನಿರಿಸುವುದು, ಅಮ್ಮ ಅತ್ತರೆ ನೀರು ತಂದುಕೊಡುವುದು, ಇವೆಲ್ಲ ಇಂಥ ಮನೆಗಳಲ್ಲಿ ಹಿರಿಯ ಮಗುವಿನ ಪಾಲಿಗೆ ಯಾರೂ ಹೇಳದೆಯೇ ಬಂದುಬಿಡುವ ಕೆಲಸಗಳು. ಊರಿನವರು ‘ಎಷ್ಟು ಜವಾಬ್ದಾರಿ ನೋಡಿ’ ಎಂದು ಮೆಚ್ಚುತ್ತಾರೆ. ಮನೆಗೆಲಸದಲ್ಲಿ ನೆರವಾಗುವುದು ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ, ಕೆಟ್ಟದ್ದೂ ಅಲ್ಲ. ದೊಡ್ಡವರ ಮನಸ್ಸನ್ನು ಕಾಯುವ ಕೆಲಸ ಮಾತ್ರ ಮಗುವಿನ ಬಾಲ್ಯವನ್ನು ತಿನ್ನುತ್ತದೆ.

ಇನ್ನು ಮೌನದ ವಿಷಯ. ನಾಜಿ ಹಿಂಸೆಯ ಎರಡೂ ಬದಿಯ ಕುಟುಂಬಗಳನ್ನು ಅಧ್ಯಯನ ಮಾಡಿದ ಇಸ್ರೇಲಿನ ಮನಶ್ಶಾಸ್ತ್ರಜ್ಞ ಡಾನ್ ಬಾರ್-ಓನ್ ಇದಕ್ಕೆ ‘ಜೋಡಿ ಗೋಡೆ’ ಎಂಬ ಹೆಸರು ಕೊಟ್ಟರು. ಮಕ್ಕಳಿಗೆ ನೋವಾಗದಿರಲೆಂದು ಹೆತ್ತವರು ಒಂದು ಗೋಡೆ ಕಟ್ಟುತ್ತಾರೆ. ಹೆತ್ತವರಿಗೆ ನೋವಾಗದಿರಲೆಂದು ಮಕ್ಕಳು ಇನ್ನೊಂದು ಗೋಡೆ ಕಟ್ಟುತ್ತಾರೆ. ಯಾವಾಗಲಾದರೂ ಒಬ್ಬರು ತಮ್ಮ ಗೋಡೆಯಲ್ಲಿ ಕಿಂಡಿ ತೆರೆದರೆ ಎದುರಿಗೆ ಕಾಣುವುದು ಇನ್ನೊಬ್ಬರ ಗೋಡೆ. ಮಾತು ಬಾರದ ಜಾಗವನ್ನು ಮಗು ಊಹೆಯಿಂದ ತುಂಬುತ್ತದೆ, ಮತ್ತು ಮಕ್ಕಳ ಊಹೆ ಬಹಳ ಸಲ ನಡೆದದ್ದಕ್ಕಿಂತ ಭೀಕರವಾಗಿರುತ್ತದೆ. ‘ಅಪ್ಪ ಹೀಗಿರುವುದು ನನ್ನಿಂದಲೇ’ ಎಂಬ ತೀರ್ಮಾನಕ್ಕೂ ಅದು ಸುಲಭವಾಗಿ ಬರುತ್ತದೆ. ಹಾಗೆಂದು ಎಲ್ಲವನ್ನೂ ಹೇಳಿಬಿಡುವುದೂ ಮದ್ದಲ್ಲ. ಕುಡಿದ ರಾತ್ರಿ ಅಣ್ಣನ ಸಾವನ್ನು ಮಗುವಿನ ಮುಂದೆ ಮತ್ತೆ ಮತ್ತೆ ಹೇಳಿ ಅಳುವ ತಂದೆ, ಬಾಯಿ ಬಿಡದ ತಂದೆಗಿಂತ ಹೆಚ್ಚು ಹಾನಿ ಮಾಡಬಲ್ಲರು. ಈಳದ, ಅಂದರೆ ಲಂಕಾದ, ತಮಿಳಿನಲ್ಲಿ ಮಾತಾಡುವುದಕ್ಕೆ ‘ಕದೈಕ್ಕಿರದು’ ಎನ್ನುತ್ತಾರೆ. ನಮ್ಮ ‘ಕಥೆ’ಯೇ ಅವರಲ್ಲಿ ಮಾತು. ಈ ಮನೆಗಳಲ್ಲಿ ಆಗಬೇಕಾದದ್ದೂ ಅದೇ ಎನಿಸುತ್ತದೆ: ನಡೆದದ್ದು ಆದಿ, ಅಂತ್ಯವಿರುವ, ಮಗುವಿನ ವಯಸ್ಸಿಗೆ ತಕ್ಕ ಒಂದು ಕಥೆಯಾಗಬೇಕು. ‘ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಯುದ್ಧವಾಯಿತು, ನಿನ್ನ ದೊಡ್ಡಪ್ಪ ತೀರಿಕೊಂಡರು, ದೊಡ್ಡ ಸದ್ದಿಗೆ ನನ್ನ ಮೈ ಈಗಲೂ ಹೆದರುತ್ತದೆ, ಇಲ್ಲಿ ಬಾಂಬು ಬೀಳುವುದಿಲ್ಲ, ನಿನ್ನ ತಪ್ಪು ಏನೂ ಇಲ್ಲ.’ ಎಂಟು ವರ್ಷಕ್ಕೆ ಇಷ್ಟು ಸಾಕು. ಇದನ್ನು ಹೇಳಬೇಕಾದವರು ತಂದೆ, ನೀವಲ್ಲ, ನಾನೂ ಅಲ್ಲ.

‘ರಕ್ತದಲ್ಲೇ ಬಂದಿರುತ್ತದೆ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಸಹೋದ್ಯೋಗಿ ಎಲ್ಲಿಯೋ ಓದಿದ್ದು ಅಮೆರಿಕದ ಸಂಶೋಧಕಿ ರೇಚಲ್ ಯೆಹುದಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಸುದ್ದಿಯಿರಬೇಕು. ನಾಜಿ ಹತ್ಯಾಕಾಂಡದಿಂದ ಬದುಕುಳಿದ 32 ಮಂದಿ ಮತ್ತು ಅವರ 22 ವಯಸ್ಕ ಮಕ್ಕಳ ರಕ್ತದಲ್ಲಿ, ಒತ್ತಡದ ಹಾರ್ಮೋನಿಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳು ಇತರರಿಗಿಂತ ಭಿನ್ನವಾಗಿದ್ದವು. ಪತ್ರಿಕೆಗಳು ಇದನ್ನು ‘ಆಘಾತ ವಂಶಪಾರಂಪರ್ಯ’ ಎಂದು ದೊಡ್ಡಕ್ಷರದಲ್ಲಿ ಹಾಕಿದವು. ಆದರೆ ಸಂಖ್ಯೆ ಎಷ್ಟು ಚಿಕ್ಕದು ನೋಡಿ. ಅಷ್ಟೇ ಅಲ್ಲ, ಹೆತ್ತವರಲ್ಲಿ ಆ ಗುರುತು ಹೆಚ್ಚಾಗಿದ್ದರೆ ಮಕ್ಕಳಲ್ಲಿ ಕಡಿಮೆಯಾಗಿತ್ತು. ಆ ಬದಲಾವಣೆ ಗರ್ಭದಿಂದ ಬಂತೇ, ಆಘಾತಗೊಂಡ ಹೆತ್ತವರ ಕೈಯಲ್ಲಿ ಬೆಳೆದದ್ದರಿಂದ ಬಂತೇ ಎಂಬುದನ್ನು ಅಂಥ ಅಧ್ಯಯನ ಬೇರ್ಪಡಿಸಿ ಹೇಳಲಾರದು. ದೇಹದಲ್ಲಿ ಏನೂ ಆಗುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ‘ರಕ್ತದಲ್ಲಿದೆ’ ಎಂದ ಕೂಡಲೇ ನಾವು ಕೈತೊಳೆದುಕೊಳ್ಳುತ್ತೇವೆ. ಬಾಯಿ ತೆರೆಯುವುದನ್ನು ಯಾವ ವಂಶವಾಹಿಯೂ ಕಲಿಸುವುದಿಲ್ಲ. ನೋಡಿ ಕಲಿತದ್ದನ್ನು ನೋಡುತ್ತಲೇ ಬಿಡಬಹುದು.

ಇದಕ್ಕೆ ಎದುರಾದ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಇಂಥ ಮನೆಗಳ ಮಕ್ಕಳೆಲ್ಲ ಕಾಯಿಲೆಯವರು ಎಂಬುದು. ಅಪಾಯ ಹೆಚ್ಚುವುದು ನಿಜ, ಆದರೆ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಉತ್ತರ ಲಂಕಾದ ತಮಿಳು ಮಕ್ಕಳ ಮೇಲೆ ಜರ್ಮನಿಯ ಕ್ಲೌಡಿಯಾ ಕಟಾನಿ, ಫ್ರಾಂಕ್ ನಾಯ್ನರ್ ಮತ್ತು ಸಂಗಡಿಗರು ನಡೆಸಿದ ಸರಣಿ ಅಧ್ಯಯನಗಳಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿವೆ. ಯುದ್ಧ, 2004ರ ಸುನಾಮಿ, ಮನೆಯೊಳಗಿನ ಹೊಡೆತ ಇವು ಒಂದರ ಮೇಲೊಂದು ಸೇರಿದಷ್ಟೂ ಮಗುವಿನ ಮನಸ್ಸಿನ ಮೇಲಿನ ಭಾರ ಹೆಚ್ಚುತ್ತದೆ, ಮತ್ತು ಯುದ್ಧದ ಅನುಭವದೊಂದಿಗೆ ತಂದೆಯ ಕುಡಿತವೂ ಮನೆಯ ಹಿಂಸೆಗೆ ಬಲವಾಗಿ ತಳುಕು ಹಾಕಿಕೊಂಡಿದೆ. ಇನ್ನೊಂದು, ಹೆತ್ತವರಿಂದ ಬೆಚ್ಚನೆಯ ಆರೈಕೆ ಸಿಗುತ್ತಿದೆಯೆಂದು ಹೇಳಿದ ಮಕ್ಕಳಲ್ಲಿ, ಕಂಡ ಯುದ್ಧ ಅಷ್ಟೇ ಇದ್ದರೂ, ಒಳಗೊಳಗೇ ಕುಗ್ಗುವ ತೊಂದರೆಗಳು ಕಡಿಮೆ. ನಿಮ್ಮ ಪತ್ರದಲ್ಲಿ ತಾಯಿಯ ಬಗ್ಗೆ ಒಂದೇ ವಾಕ್ಯವಿದೆ. ನಾನು ಮೊದಲು ವಿಚಾರಿಸುವುದು ಆಕೆಯನ್ನೇ. ಮನೆಯಲ್ಲಿ ಒಬ್ಬರು ಮಗುವಿನ ಪಾಲಿಗೆ ‘ಹಾಜರಿ’ ಇದ್ದರೂ ಅದು ಬಹಳ ದೊಡ್ಡ ಆಸರೆ.

ಈಗ, ನಿಮ್ಮ ಪತ್ರದಲ್ಲಿ ನಡುವೆ ಹಾದುಹೋದ ಹಾಜರಿ ತಪಾಸಣೆಯ ವಿಷಯ. ಮನೋವೈದ್ಯರಿಗೆ ಆಘಾತವೆಂದರೆ ಆಗಿಹೋದದ್ದು ಎಂಬಂತೆ ಮಾತನಾಡುವ ಅಭ್ಯಾಸವಿದೆ. ಆಶ್ರಯ ಕೋರಿ ಬಂದ ಕುಟುಂಬಗಳಲ್ಲಿ ಅದು ಮುಗಿದಿರುವುದೇ ಇಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. 2004ರ ಡಿಸೆಂಬರ್ 3ರ ಬಳಿಕ ಇಲ್ಲಿ ಹುಟ್ಟಿದವರಿಗೆ, ಹೆತ್ತವರಲ್ಲೊಬ್ಬರು ಕಾನೂನಿನ ಕಣ್ಣಿನಲ್ಲಿ ಅಕ್ರಮ ವಲಸಿಗರಾಗಿದ್ದರೆ, ಹುಟ್ಟಿನಿಂದ ಪೌರತ್ವ ಬರುವುದಿಲ್ಲ. 2019ರ ಪೌರತ್ವ ತಿದ್ದುಪಡಿ ಶ್ರೀಲಂಕಾದಿಂದ ಬಂದವರನ್ನು ಒಳಗೊಳ್ಳಲಿಲ್ಲ. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ ದಾಖಲೆಯಿಲ್ಲದ ಕಾರಣಕ್ಕೆ ದಂಡನೆಯಾಗದಂತೆ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. ಉಸಿರಾಡಲು ಅದು ಒಂದಿಷ್ಟು ಜಾಗ ಮಾಡಿದೆ, ನಾಳೆಯ ಪ್ರಶ್ನೆಗೆ ಉತ್ತರವಾಗಿಲ್ಲ. ತಮಿಳುನಾಡು ಸರ್ಕಾರ 2021ರಲ್ಲಿ ಶಿಬಿರಗಳನ್ನು ಮರುವಸತಿ ಶಿಬಿರಗಳೆಂದು ಹೆಸರಿಸಿ ಹೊಸ ಮನೆಗಳನ್ನು ಕಟ್ಟಿಸತೊಡಗಿತು. ಆದರೂ ಅಧಿಕಾರಿ ಬಂದು ತಲೆ ಎಣಿಸುವ ದಿನ, ಸೇನೆಯ ತಪಾಸಣಾ ಠಾಣೆಗಳನ್ನು ದಾಟಿ ಬಂದ ಒಬ್ಬ ಮನುಷ್ಯನ ಮೈಯಲ್ಲಿ ಏನು ಎದ್ದು ಕೂರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇದು ಇಲ್ಲಿಯದಷ್ಟೇ ಕಥೆಯಲ್ಲ. ಡೆನ್ಮಾರ್ಕಿಗೆ 1992-93ರಲ್ಲಿ ಆಶ್ರಯ ಕೋರಿ ಬಂದ ಮಧ್ಯಪ್ರಾಚ್ಯದ ಕುಟುಂಬಗಳ ಮಕ್ಕಳನ್ನು ಎಡಿತ್ ಮಾಂಟ್‌ಗೊಮೆರಿ ಎಂಟೊಂಬತ್ತು ವರ್ಷಗಳ ಬಳಿಕ ಮತ್ತೆ ಕಂಡರು. ಬಂದ ಹೊಸದರಲ್ಲಿ ಮಕ್ಕಳ ಸ್ಥಿತಿಯನ್ನು ನಿರ್ಧರಿಸಿದ್ದರಲ್ಲಿ ಹೆತ್ತವರಿಗಾದ ಚಿತ್ರಹಿಂಸೆಯಂಥ ಹಳೆಯ ಸಂಗತಿಗಳಿದ್ದವು. ವರ್ಷಗಳು ಕಳೆದಂತೆ ಹೊಸ ದೇಶದಲ್ಲಿ ಎದುರಿಸಿದ ಒತ್ತಡ, ತಾರತಮ್ಯಗಳೇ ಹೆಚ್ಚು ಭಾರವಾದವು. ಸ್ವೀಡನ್ನಿನಲ್ಲಿ 2000ದ ದಶಕದಿಂದ ಆಶ್ರಯಾರ್ಥಿ ಕುಟುಂಬಗಳ ನೂರಾರು ಮಕ್ಕಳು ಮಾತು, ಊಟ, ಚಲನೆ ಎಲ್ಲ ಬಿಟ್ಟು ಹಾಸಿಗೆ ಹಿಡಿದ ವಿಚಿತ್ರ ಸ್ಥಿತಿ ಕಾಣಿಸಿಕೊಂಡಿತು. ಅದರ ಕಾರಣದ ಬಗ್ಗೆ ವೈದ್ಯರಲ್ಲಿ ಈಗಲೂ ವಾದವಿದೆ. ಆದರೆ ಕುಟುಂಬಕ್ಕೆ ವಾಸದ ಪರವಾನಗಿ ಸಿಕ್ಕ ಮೇಲೆ ಎಷ್ಟೋ ಮಕ್ಕಳು ನಿಧಾನವಾಗಿ ಎದ್ದು ಕೂತರು. ಆ ಮಕ್ಕಳಿಗೆ ಪರವಾನಗಿ ಪತ್ರವನ್ನು ಓದಲು ಬರಬೇಕಾಗಿರಲಿಲ್ಲ, ಹೆತ್ತವರ ಧ್ವನಿ ಬದಲಾದದ್ದು ಸಾಕಾಗಿತ್ತು ಎಂದು ಅಲ್ಲಿನ ಕೆಲವು ವೈದ್ಯರು ವಿವರಿಸುತ್ತಾರೆ. ನಾನು ಇದನ್ನು ನಂಬುತ್ತೇನೆ.

ಹಾಗಾದರೆ ನೀವೇನು ಮಾಡಬೇಕು? ಮೊದಲು ನೀವು ಕೇಳಿದ್ದಕ್ಕೆ ನೇರ ಉತ್ತರ: ಅವಳನ್ನು ಕೂರಿಸಿಕೊಂಡು ಯುದ್ಧದ ಬಗ್ಗೆ, ಅಪ್ಪನ ಬಗ್ಗೆ ಕೇಳಬೇಡಿ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಇಂಥದೇ ಮನೆಯ ಹನ್ನೊಂದು ವರ್ಷದ ಹುಡುಗನನ್ನು, ಅವನು ಬರೆದ ಚಿತ್ರವೊಂದರ ನೆಪದಲ್ಲಿ, ‘ಚಿಕ್ಕಪ್ಪನಿಗೆ ಏನಾಯಿತು?’ ಎಂದು ಕೇಳಿಬಿಟ್ಟೆ. ಅವನಿಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಮನೆಯಲ್ಲಿ ಅವನು ಆ ಪ್ರಶ್ನೆಯನ್ನು ತಂದೆಗೆ ಕೇಳಿದ. ಆ ಕುಟುಂಬ ಮತ್ತೆ ನನ್ನ ಬಳಿ ಬಂದದ್ದು ಎಂಟು ತಿಂಗಳ ಬಳಿಕ, ಅದೂ ಹುಡುಗ ಶಾಲೆ ಬಿಟ್ಟ ಮೇಲೆ. ಮಗು ತಾನಾಗಿ ಹೇಳಿದರೆ ಕೇಳಿ, ಬೆರಗು ತೋರಿಸಬೇಡಿ, ಮುಂದಿನ ಪ್ರಶ್ನೆ ಹಾಕಬೇಡಿ, ‘ನನಗೆ ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಮಾತ್ರ ಕೊಡಬೇಡಿ, ಏಕೆಂದರೆ ಕೆಲವನ್ನು ನೀವು ಹೇಳಲೇಬೇಕಾಗುತ್ತದೆ.

ಸುಮ್ಮನಿರುವುದೂ ಸರಿಯಲ್ಲ. ತಾಯಿಯನ್ನು ಕರೆಸಿ, ಆದರೆ ದೂರಿಗೆಂದು ಕರೆಸಬೇಡಿ. ಮುತ್ತಿನ ಅಕ್ಷರದಿಂದಲೇ ಮಾತು ತೆಗೆಯಿರಿ. ಆಮೇಲೆ ನಿದ್ದೆಯ ಬಗ್ಗೆ ಕೇಳಿ. ‘ಮನಸ್ಸು ಹೇಗಿದೆ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ, ‘ನಿದ್ದೆ ಬರುತ್ತದೆಯೇ’ ಎಂದರೆ ಹೆಚ್ಚಿನವರು ಹೇಳುತ್ತಾರೆ. ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ, ರಾತ್ರಿ ಯಾರಾದರೂ ಕೂಗಿ ಏಳುತ್ತಾರೆಯೇ ಎಂದು ವಿಚಾರಿಸಿದರೆ ಒಂದೇ ಕೋಣೆಯ ಮನೆಯಲ್ಲಿ ಯಾರ ದುಃಸ್ವಪ್ನ ಯಾರನ್ನು ಎಬ್ಬಿಸುತ್ತಿದೆ ಎಂಬುದು ತಾನಾಗಿ ಹೊರಬರುತ್ತದೆ. ಇದರಲ್ಲಿಯೂ ಅಪಾಯವಿಲ್ಲದಿಲ್ಲ: ಶಾಲೆಯವರು ಮನೆಯ ವಿಷಯ ಕೇಳಿದರೆಂದರೆ ಶಿಬಿರದ ಅಧಿಕಾರಿಗೆ ಸುದ್ದಿ ಹೋಗುತ್ತದೆಂಬ ಅಂಜಿಕೆ ಆಕೆಗಿರಬಹುದು. ಹೋಗುವುದಿಲ್ಲವೆಂದು ಬಾಯಿಬಿಟ್ಟು ಹೇಳಿ. ಶಿಬಿರಗಳಲ್ಲಿ ‘ಓಫರ್’ ಎಂದು ಕರೆಯುವ, 1984ರಲ್ಲಿ ಎಸ್.ಸಿ. ಚಂದ್ರಹಾಸನ್ ಅವರ ನೇತೃತ್ವದಲ್ಲಿ ನಿರಾಶ್ರಿತರೇ ಕಟ್ಟಿಕೊಂಡ ಸಂಸ್ಥೆಯ ಕಾರ್ಯಕರ್ತರು ಅವರೊಳಗಿನವರೇ ಆದ್ದರಿಂದ, ನಿಮ್ಮ ಮಾತಿಗಿಂತ ಅವರ ಮಾತು ಬೇಗ ಒಳಗೆ ಇಳಿಯಬಹುದು.

ಮಗುವಿಗೆ ಚಿಕಿತ್ಸೆ ಬೇಕೇ ಎಂಬುದಕ್ಕಿಂತ ಮೊದಲು ತಂದೆಗೆ ಬೇಕು. ಆಘಾತದ ನೆನಪುಗಳಿಗೆ ನಿಜವಾಗಿ ಫಲ ಕೊಡುವ ಮಾತಿನ ಚಿಕಿತ್ಸೆಗಳಿವೆ. ಅವುಗಳಲ್ಲಿ ಒಂದರಲ್ಲಿ ರೋಗಿ ತನ್ನ ಬದುಕನ್ನು ಹುಟ್ಟಿನಿಂದ ಇಂದಿನವರೆಗೆ ಕ್ರಮವಾಗಿ, ನೆಲದ ಮೇಲೆ ಹಗ್ಗ ಹಾಸಿ, ಒಳ್ಳೆಯ ಘಟನೆಗೆ ಹೂ, ಕೆಟ್ಟದ್ದಕ್ಕೆ ಕಲ್ಲು ಇಟ್ಟು ಹೇಳುತ್ತಾ ಹೋಗುತ್ತಾನೆ. ಸುನಾಮಿಯ ಬಳಿಕ ಲಂಕಾದ ಮಕ್ಕಳ ಮೇಲೆ ಇದರ ಮಕ್ಕಳ ರೂಪವನ್ನು ಧ್ಯಾನ ಮತ್ತು ವಿಶ್ರಾಂತಿ ಅಭ್ಯಾಸದೊಂದಿಗೆ ಹೋಲಿಸಿದಾಗ ಎರಡರಿಂದಲೂ ಹೆಚ್ಚುಕಡಿಮೆ ಸಮಾನ ಪ್ರಯೋಜನವಾಯಿತು. ಹಾಗಾಗಿ ಇಂಥದೇ ಚಿಕಿತ್ಸೆಯಾಗಬೇಕೆಂಬ ಹಟ ನನಗಿಲ್ಲ. ಅಡ್ಡಿಗಳನ್ನೂ ಹೇಳಬೇಕು. ಮೊದಲ ಕೆಲವು ವಾರ ನಿದ್ದೆ, ಸಿಟ್ಟು ಇನ್ನಷ್ಟು ಕೆಡಬಹುದು, ಆ ಹೊತ್ತಿನಲ್ಲಿ ಕುಡಿತ ಹೆಚ್ಚಬಹುದು, ದಿನಗೂಲಿಯ ಪೇಂಟರಿಗೆ ವಾರಕ್ಕೊಂದು ದಿನ ಕೆಲಸ ಬಿಡುವುದೆಂದರೆ ಅಕ್ಕಿಯ ಪ್ರಶ್ನೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇಲ್ಲಿಯೂ ನೆರವಾಗುತ್ತವೆ, ಫಲ ಕಾಣಲು ನಾಲ್ಕಾರು ವಾರ ಬೇಕು. ಆದರೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ‘ನಿದ್ದೆ ಮಾತ್ರೆ’ಯನ್ನು ಯಾರೂ ಸೂಚಿಸದಿರಲಿ, ಅದು ಆಘಾತವನ್ನು ಗುಣಪಡಿಸುವುದಿಲ್ಲ, ಚಟವಾಗುತ್ತದೆ, ಮದ್ಯದೊಂದಿಗೆ ಸೇರಿದರೆ ಪ್ರಾಣಕ್ಕೇ ಕುತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ‘ನಿಮಗೆ ಹುಚ್ಚಲ್ಲ, ಆಗ ನಿಮ್ಮ ಜೀವ ಉಳಿಸಿದ ಎಚ್ಚರ ಈಗ ಆರದೆ ಉರಿಯುತ್ತಿದೆ’ ಎಂದು ನಾನು ಇಂಥ ತಂದೆಯರಿಗೆ ಹೇಳುತ್ತೇನೆ. ಮಗಳು ಬೆಂಚಿನ ಕೆಳಗೆ ಸೇರುತ್ತಾಳೆಂಬ ಸಂಗತಿ ತಂದೆಯನ್ನು ಚಿಕಿತ್ಸೆಗೆ ಕರೆತರಬಹುದು, ಇಲ್ಲವೇ ಅವರನ್ನು ಅಪರಾಧಭಾವದಲ್ಲಿ ಇನ್ನೂ ಕುಗ್ಗಿಸಬಹುದು. ಆದ್ದರಿಂದ ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಡಿ.

ಹಾಸ್ಟೆಲ್ಲಿನ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದಿದೆ, ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಲಂಡನ್ನಿನ ಅನುಭವದಲ್ಲಿಯೇ, ಬಾಂಬಿನಿಂದ ದೂರ ಹಳ್ಳಿಗಳಿಗೆ ಕಳಿಸಿದ ಚಿಕ್ಕ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಬಾಂಬಿಗಿಂತ ಅಗಲಿಕೆಯೇ ಕಠಿಣವಾಯಿತು. ಕಾವಲುಗಾರಳಾಗಿರುವ ಹುಡುಗಿಯನ್ನು ಮನೆಯಿಂದ ಎತ್ತಿ ದೂರವಿಟ್ಟರೆ ಅವಳ ಕಾವಲು ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಮನೆಯನ್ನು ರಾತ್ರಿಯೆಲ್ಲ ಕಾಯುತ್ತಾಳೆ. ಒಮ್ಮೆ ಮನೆಯವರನ್ನು ಯುದ್ಧದಲ್ಲಿ ಕಳೆದುಕೊಂಡ ತಂದೆಗೂ ಅದು ಇನ್ನೊಂದು ಕಳೆದುಕೊಳ್ಳುವಿಕೆ. ತಾಯಿತ ಕಟ್ಟಿಸುವುದಕ್ಕೆ ನನ್ನ ಅಭ್ಯಂತರವಿಲ್ಲ, ಮನೆಯವರು ಬಯಸಿದರೆ ಮಾತ್ರ, ಅದನ್ನು ಕಟ್ಟಿದ ಮೇಲೆ ಉಳಿದದ್ದನ್ನು ಕೈಬಿಡುವುದಿಲ್ಲವಾದರೆ ಮಾತ್ರ.

ಆದರೆ ಒಂದು ಗೆರೆಯಿದೆ. ಮೈಮೇಲೆ ಬರೆ, ಬಾವು ಕಂಡರೆ, ಮನೆಗೆ ಹೋಗಲು ಮಗು ನಡುಗಿದರೆ, ಸಾಯುವ ಮಾತಾಡಿದರೆ, ಊಟ ಅಥವಾ ಮಾತು ನಿಂತುಹೋದರೆ, ಆಗ ತಾಳ್ಮೆ ಸಲ್ಲದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ತಿಳಿಸಿ. ಲೈಂಗಿಕ ಕಿರುಕುಳದ ಅನುಮಾನವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸುವುದು ನಿಮ್ಮ ಕರ್ತವ್ಯ. ‘ಪಾಪ, ಅವರು ನೊಂದವರು’ ಎಂಬ ಕನಿಕರ ಮಗುವಿಗೆ ಬೀಳುವ ಹೊಡೆತವನ್ನು ತಡೆಯುವುದಿಲ್ಲ.

ಕೊನೆಯದಾಗಿ ತರಗತಿ, ಏಕೆಂದರೆ ಪೂರ್ತಿ ನಿಮ್ಮ ಕೈಯಲ್ಲಿರುವುದು ಅದೊಂದೇ. ಸಿಡಿಸುವ ಮುನ್ನ ಕ್ವಾರಿಯವರು ಸೈರನ್ ಊದುತ್ತಾರೆ, ಸಿಡಿಸುವ ಹೊತ್ತೂ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಶಾಲೆಯ ಪರವಾಗಿ ಆ ಹೊತ್ತನ್ನು ಕೇಳಿ ತಿಳಿದುಕೊಂಡು, ಪ್ರತಿದಿನ ಬೆಳಿಗ್ಗೆ ಕರಿಹಲಗೆಯ ಮೂಲೆಯಲ್ಲಿ ದಿನಾಂಕದ ಕೆಳಗೆ ಬರೆಯಿರಿ. ಸೈರನ್ ಕೇಳಿದಾಗ ಪಾಠ ನಿಲ್ಲಿಸಿ ಇಡೀ ತರಗತಿ ಗಟ್ಟಿಯಾಗಿ ಎಣಿಸಲಿ, ಸಿಡಿದ ಮೇಲೆ ಎಷ್ಟಕ್ಕೆ ಬಂತೆಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಇದನ್ನು ಇವಳೊಬ್ಬಳಿಗಾಗಿ ಮಾಡುತ್ತಿದ್ದೇವೆಂದು ಯಾರಿಗೂ ಗೊತ್ತಾಗಬಾರದು. ಅವಳು ಆಗಲೂ ಬೆಂಚಿನ ಕೆಳಗೆ ಹೋದರೆ ಎಳೆದು ಕೂರಿಸಬೇಡಿ, ಅಲ್ಲಿಂದಲೇ ಎಣಿಸಲಿ. ಲೆಕ್ಕದಲ್ಲಿ ಚುರುಕು ಎಂದಿದ್ದೀರಿ. ವಾರದ ಸರಾಸರಿ ತೆಗೆಯುವ ಕೆಲಸವನ್ನು ಅವಳಿಗೇ ವಹಿಸಿ. ತಾಯಿ ಬಂದು ಹೋದ ಮೇಲೆ, ಮೂರು ತಿಂಗಳು ಬಿಟ್ಟು, ಅವಳು ಎಲ್ಲಿ ಕೂತು ಎಣಿಸುತ್ತಿದ್ದಾಳೆ ಎಂದು ನನಗೆ ಬರೆಯಿರಿ.